ಲಿನ್ ಅಮ್ಮನಿಗೆ ನಾನು ಕಲಿಸಿದ ‘ಹ್ಯಾವ್’

ಮೊನ್ನೆ ವಾಷಿಂಗ್ ಮೆಷಿನ್ನಿನಿಂದ ತೆಗೆದ ನನ್ನ ಪ್ಯಾಂಟಿನ ಜೇಬಿನಲ್ಲಿ ಕಾಗದದ ಉಂಡೆಯೊಂದು ಸಿಕ್ಕಿತು. ಗೆರೆ ಹಾಕಿದ ಹಳದಿ ಕಾಗದ. ನೆನೆದು, ತಿರುಗಿ, ಒಣಗಿ, ತಂಗಳು ಮುದ್ದೆಯ ಚೂರಿನಂತೆ ಗಟ್ಟಿಯಾಗಿತ್ತು. ಮಗಳು ಸುಧಾ ತನ್ನ ನರ್ಸ್ ಬಟ್ಟೆಗೆ ಅಂಟಿದ್ದ ಹಳದಿ ಚೂರುಗಳನ್ನು ಕೊಡವುತ್ತಾ ರೇಗಿದಳು.

“ಅಪ್ಪಾ, ಜೇಬು ನೋಡಿ ಹಾಕಿ ಅಂತ ಎಷ್ಟು ಸಲ ಹೇಳೋದು? ನೋಡಿ ಇಲ್ಲಿ, ಕೊಬ್ಬರಿ ತುರಿ ಉದುರಿಸಿದ ಹಾಗಿದೆ. ಏನದು ಕಾಗದ?”

“ಏನಿಲ್ಲಮ್ಮ, ಯಾವುದೋ ಅಂಗಡಿ ಚೀಟಿ,” ಎಂದೆ.

ನೋಡಿ, ಎಪ್ಪತ್ನಾಲ್ಕು ವರ್ಷವಾದರೂ ಸುಳ್ಳು ನಾಲಗೆಯ ತುದಿಯಲ್ಲಿಯೇ ಕೂತಿರುತ್ತದೆ. ಅಂಗಡಿಯ ಚೀಟಿಯಲ್ಲ ಅದು. ಅವಳು ಆ ಕಡೆ ಹೋದ ಮೇಲೆ ಉಗುರಿನಿಂದ ಬಿಡಿಸಿದೆ. ಒಳಮಡಿಕೆಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಅಳಿಸದೆ ಉಳಿದಿತ್ತು: ಹ್ಯಾವ್. ನನ್ನದೇ ಅಕ್ಷರ. ದೊಡ್ಡದಾಗಿ, ಗುಂಡಗೆ, ಕೆಳಗೆ ಎರಡು ಗೆರೆ ಎಳೆದು ಬರೆದದ್ದು. ಹಾಗೆ ಎರಡು ಗೆರೆ ಎಳೆಯುವವರು ಮೇಷ್ಟ್ರುಗಳು. ನಾನು ಮೇಷ್ಟ್ರಲ್ಲ. ಈ ಬರಹದ ತಕರಾರೆಲ್ಲ ಅದೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಂಡ್ಯದ ಕಡೆಯ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದೆ. ಬೆಲ್ ಹೊಡೆಯುವುದು, ಸೀಮೆಸುಣ್ಣ ಹಂಚುವುದು, ಹಾಜರಿ ಪುಸ್ತಕ ಹೊತ್ತು ತಿರುಗುವುದು, ಮೇಷ್ಟ್ರುಗಳಿಗೆ ಕಾಫಿ ತರುವುದು. ಇಂಗ್ಲಿಷ್ ಮೇಷ್ಟ್ರ ತರಗತಿಯ ಹೊರಗೇ ನನ್ನ ಸ್ಟೂಲು. ಹೀಗಾಗಿ ಅವರ ಪಾಠವೆಲ್ಲ ನನ್ನ ಕಿವಿಗೆ ಬಿದ್ದು, ಅಲ್ಲಿಯೇ ಕಿಟ್ಟಗಟ್ಟಿತ್ತು. ಹ್ಯಾವ್, ಹ್ಯಾಡ್, ಹ್ಯಾಡ್ ಎಂದು ಮಕ್ಕಳು ರಾಗವಾಗಿ ಕೂಗುವಾಗ ನಾನೂ ಹೊರಗೆ ತುಟಿ ಆಡಿಸುತ್ತಿದ್ದೆ.

ಈಗ ಡಲ್ಲಾಸಿನ ಉತ್ತರಕ್ಕಿರುವ ಮೆಕಿನ್ನಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯ ಬೆಳಗ್ಗೆ ಪ್ಲೇನೋ ಕಡೆ ಹೊರಟರೆ ಸಂಜೆಗೇ ಬರುವುದು. ಇಲ್ಲಿ ಕಾರಿಲ್ಲದವನು ಕಾಲಿಲ್ಲದವನ ಹಾಗೆ. ಅದಕ್ಕೇ ಸುಧಾ ಪ್ರತಿ ಮಂಗಳವಾರ ಕೆಲಸಕ್ಕೆ ಹೋಗುವಾಗ ನನ್ನನ್ನು ಲೈಬ್ರರಿಯ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದಳು. ಅಲ್ಲಿ ಕ್ಯಾರಲ್ ಎಂಬ ಬೆಳ್ಳಿಗೂದಲಿನ ಅಮೆರಿಕನ್ ಹೆಂಗಸು ನಮ್ಮಂಥ ಮುದುಕ ಮುದುಕಿಯರನ್ನು ದುಂಡಗೆ ಕೂರಿಸಿ ಪುಕ್ಕಟೆಯಾಗಿ ಇಂಗ್ಲಿಷ್ ಮಾತಾಡಿಸುತ್ತಿದ್ದರು. ಆರು ಜನ ಚೀನಾದವರು, ಒಬ್ಬ ಕೊರಿಯಾದ ಮುದುಕ, ನಾನು.

ಮೊದಲ ದಿನ ಕ್ಯಾರಲ್ ಕೇಳಿದರು: “ನೀವು ಊರಲ್ಲಿ ಏನು ಮಾಡ್ತಿದ್ರಿ?”

“ಹೈಸ್ಕೂಲ್. ಮೂವತ್ತೊಂದು ವರ್ಷ.”

“ಓ, ನಮ್ಮ ಮಧ್ಯೆ ಒಬ್ಬರು ಟೀಚರ್ ಇದ್ದಾರೆ!” ಎಂದು ಅವರು ಚಪ್ಪಾಳೆ ತಟ್ಟಿದರು. ಚೀನಾದ ಆರೂ ಜನ ಕುರ್ಚಿಯಿಂದ ಅರ್ಧ ಎದ್ದು ತಲೆ ಬಾಗಿಸಿದರು. ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ನಾನು ಬಂದಾಗ ಯಾರೂ ಎದ್ದು ನಿಂತದ್ದನ್ನು ಅದುವರೆಗೆ ನೋಡಿರಲಿಲ್ಲ. ಎಷ್ಟೋ ಸಾವಿರ ಸಲ ನಾನು ಎದ್ದು ನಿಂತಿದ್ದೆ, ಅಷ್ಟೇ. ಬಾಯಿ ಮುಚ್ಚಿಕೊಂಡೆ.

ಆ ಆರು ಜನರಲ್ಲಿ ಲಿನ್ ಅಮ್ಮ ಒಬ್ಬರು. ಎಪ್ಪತ್ತೊಂದು ವರ್ಷ, ಕುಳ್ಳಗಿನ ಆಳು, ಬೆಳ್ಳಗಿನ ಟೋಪಿ. ಚೀನಾದ ಕುನ್ಮಿಂಗ್‌ನಲ್ಲಿ ಫ್ಲಾಸ್ಕ್ ಕಾರ್ಖಾನೆಯಲ್ಲಿ ದುಡಿದವರು. ಇಲ್ಲಿ ಮಗಳು ಮೇ ಜೊತೆಗಿದ್ದರು. ಮೊದಲ ವಾರವೇ ನನ್ನ ಬಳಿ ಬಂದು ತಮ್ಮ ಕಷ್ಟ ಹೇಳಿಕೊಂಡರು. ಅವರದು ಮುರುಕು ಇಂಗ್ಲಿಷ್, ನನ್ನದು ಕಿವಿಗೆ ಬಿದ್ದ ಇಂಗ್ಲಿಷ್. ಎರಡನ್ನೂ ನಾನು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

“ಟೀಚರ್, ಊರಲ್ಲಿ ನನ್ನ ಅಕ್ಕ. ಎಂಬತ್ನಾಲ್ಕು. ಅಮ್ಮ ಸತ್ತಾಗ ಅಕ್ಕ ನನ್ನ ಸಾಕಿದಳು. ಈಗ ಬಿದ್ದು ಹಾಸಿಗೆ. ಹೋಗಿ ಅವಳ ಜೊತೆ ಇರಬೇಕು, ಕೊನೇವರೆಗೆ. ಗ್ರೀನ್ ಕಾರ್ಡಲ್ಲಿ, ಅಲ್ಲಿ ತುಂಬ ದಿನ ಇದ್ದರೆ ವಾಪಸ್ ಬರೋದು ಕಷ್ಟ. ಸಿಟಿಜನ್ ಆದರೆ ಇರಬಹುದು. ಒಂದು ಸಲ ಫೇಲು. ಇನ್ನೊಂದೇ ಸಲ.”

ಪೌರತ್ವದ ಆ ಸಂದರ್ಶನಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳಿತ್ತು. ಯಾವ ದಿನಕ್ಕೆ ಕರೆಯುತ್ತಾರೋ ತಿಳಿಯದೆ ಅವರು ಊರಿಗೆ ಹೊರಡುವ ಹಾಗೂ ಇರಲಿಲ್ಲ. ಕ್ಯಾರಲ್ ಆಕೆಗೆ, “ತಪ್ಪಾದರೂ ಪರವಾಗಿಲ್ಲ, ನಿಮ್ಮದೇ ಮಾತಲ್ಲಿ ಹೇಳಿ,” ಎನ್ನುತ್ತಿದ್ದರು. ಲಿನ್ ಅಮ್ಮನಿಗೆ ಅದು ರುಚಿಸುತ್ತಿರಲಿಲ್ಲ. ತಪ್ಪು ಮಾತಿನಿಂದಲೇ ಅಲ್ಲವೇ ಫೇಲಾದದ್ದು? ಆಕೆಗೆ ಬೇಕಿದ್ದದ್ದು ನಿಯಮ, ಪಟ್ಟಿ, ಉರು ಹೊಡೆಯಲು ಏನಾದರೂ. ನನಗೆ ಗೊತ್ತಿದ್ದದ್ದೂ ಅಷ್ಟೇ. ಹೀಗೆ ಲೈಬ್ರರಿಯ ಹಿಂದಿನ ಕಲ್ಲುಬೆಂಚಿನ ಮೇಲೆ, ತರಗತಿ ಮುಗಿದ ಮೇಲೆ, ನನ್ನ ಟ್ಯೂಷನ್ ಶುರುವಾಯಿತು.

ಶುರು ಮಾಡಿದ್ದೇ ಹ್ಯಾವ್‌ನಿಂದ. ಅರ್ಜಿಯ ನಕಲನ್ನು ಆಕೆ ತಂದಿದ್ದರು. ಪುಟ ಪುಟಗಳ ತುಂಬ ‘ಹ್ಯಾವ್ ಯು ಎವರ್’ ಎಂದೇ ಪ್ರಶ್ನೆಗಳು. ನೀವು ಎಂದಾದರೂ ಕಳ್ಳತನ ಮಾಡಿದ್ದೀರಾ, ಎಂದಾದರೂ ಜೈಲಿಗೆ ಹೋಗಿದ್ದೀರಾ, ಹೀಗೆ. ಹ್ಯಾವ್ ಬಗ್ಗೆ ನಾನು ಹಳದಿ ಕಾಗದದಲ್ಲಿ ಹದಿನೆಂಟು ವಾಕ್ಯ ಬರೆದುಕೊಟ್ಟೆ. ಟೀ ಕುಡಿಯುವುದಕ್ಕೂ ಹ್ಯಾವ್, ಸ್ನಾನಕ್ಕೂ ಹ್ಯಾವ್, ಜ್ವರಕ್ಕೂ ಹ್ಯಾವ್, ಮಗು ಹೆರುವುದಕ್ಕೂ ಹ್ಯಾವ್, ಮೀಟಿಂಗಿಗೂ ಹ್ಯಾವ್, ಹೋಗಲೇಬೇಕು ಎನ್ನುವುದಕ್ಕೂ ಹ್ಯಾವ್.

ಲಿನ್ ಅಮ್ಮ ಕನ್ನಡಕ ಹಣೆಗೇರಿಸಿದರು. “ನಮ್ಮಲ್ಲಿ ಟೀ ಕುಡಿತೀವಿ. ಸ್ನಾನ ತೊಳಿತೀವಿ. ಮೀಟಿಂಗ್ ತೆರಿತೀವಿ, ಬಾಗಿಲ ಹಾಗೆ. ಕನಸು ಮಾಡ್ತೀವಿ. ಇಲ್ಲಿ ಎಲ್ಲಾ ಹ್ಯಾವ್. ಯಾಕೆ ಟೀಚರ್? ಇವರಿಗೆ ಎಲ್ಲಾ ತಮ್ಮದೇ ಆಗಬೇಕಾ?”

ಒಳ್ಳೆಯ ಪ್ರಶ್ನೆ. ಆ ರಾತ್ರಿಯೆಲ್ಲ ತಲೆ ತಿಂದಿತು. ನಮ್ಮ ಕನ್ನಡದಲ್ಲಿ ಹ್ಯಾವ್ ಎನ್ನುವ ಕ್ರಿಯಾಪದವೇ ಇಲ್ಲವಲ್ಲ! ನನಗೆ ಇಬ್ಬರು ಮಕ್ಕಳಿದ್ದಾರೆ, ನನಗೆ ಮಂಡಿನೋವಿದೆ, ನನ್ನ ಹತ್ತಿರ ಕೊಡೆಯಿದೆ ಎನ್ನುತ್ತೇವೆ. ಮಕ್ಕಳು, ನೋವು, ಕೊಡೆ ಎಲ್ಲ ತಮ್ಮಷ್ಟಕ್ಕೆ ತಾವು ಇವೆ, ನಾವು ಪಕ್ಕದಲ್ಲಿದ್ದೇವೆ ಅಷ್ಟೇ. ಎಪ್ಪತ್ತು ವರ್ಷ ಆಡಿದ ಮಾತಿನೊಳಗೆ ಇಂಥದ್ದೊಂದು ಇರುವುದು ಆವತ್ತಿನವರೆಗೂ ನನಗೆ ಹೊಳೆದಿರಲಿಲ್ಲ. ಆದರೆ ಮುಂದಿನ ಮಂಗಳವಾರ ಲಿನ್ ಅಮ್ಮನಿಗೆ ಹೇಳಿದ್ದು ಬೇರೆ. ನಮ್ಮ ಇಂಗ್ಲಿಷ್ ಮೇಷ್ಟ್ರ ಧಾಟಿಯಲ್ಲಿ ಬೆರಳೆತ್ತಿ, “ಯಾಕೆ ಅಂತ ಕೇಳಬಾರದು. ಬೈಹಾರ್ಟ್!” ಎಂದೆ. ಗೊತ್ತಿಲ್ಲ ಎನ್ನುವ ಮೇಷ್ಟ್ರನ್ನು ನಾನು ನೋಡಿರಲಿಲ್ಲ.

ಆ ಪದದ ಮುಂದೆ ನಾನೂ ಎಷ್ಟು ಸಲ ಬೆಪ್ಪಾಗಿದ್ದೇನೆ! ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿ ಅಳಿಯನ ಅಣ್ಣನ ಮನೆ. ಒಂದು ಜನವರಿಯಲ್ಲಿ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯವನು ಬೇಲಿಯಾಚೆಯಿಂದ “ಐ ಹ್ಯಾವ್ ಸೀಡರ್” ಎಂದ. ಮರದ ವ್ಯಾಪಾರಿಯಿರಬೇಕು, ಭಾರಿ ಕುಳ ಎಂದುಕೊಂಡು ಗೌರವದಿಂದ ತಲೆಯಾಡಿಸಿದೆ. ಪಾಪ, ಆ ಮರದ ಪರಾಗದ ಅಲರ್ಜಿಯಂತೆ ಅದು, ಒಂದೇ ಸಮನೆ ಸೀನುತ್ತಿದ್ದ. ಹ್ಯೂಸ್ಟನ್ನಿನಲ್ಲಿ ಒಂದು ಗೃಹಪ್ರವೇಶದ ಊಟ. ಬಡಿಸುತ್ತಿದ್ದ ಧಾರವಾಡದ ಹೆಣ್ಣುಮಗಳು ತಟ್ಟೆಗೆ ಅಡ್ಡ ಹಿಡಿದ ನನ್ನ ಕೈ ಸರಿಸಿ, “ನಾಚ್ಕೊಬ್ಯಾಡ್ರಿ ಅಂಕಲ್, ಇನ್ನೊಂದು ಹೋಳಿಗಿ ಹ್ಯಾವ್ ಮಾಡ್ರಿ,” ಎಂದಳು. ಮಾಡಿದೆ. ಹೀಗೆ ಹೋದಲ್ಲೆಲ್ಲ ಸಿಕ್ಕಿದ ಹ್ಯಾವ್‌ಗಳನ್ನು ತಂದು ಲಿನ್ ಅಮ್ಮನ ಪಟ್ಟಿಗೆ ಸೇರಿಸುತ್ತಿದ್ದೆ. ಅವರು ಒಂದೊಂದನ್ನೂ ಇಪ್ಪತ್ತು ಸಲ ಬರೆದು ತರುತ್ತಿದ್ದರು. ನಾನು ಕೆಂಪು ಪೆನ್ನಿನಲ್ಲಿ ಸರಿ ಹಾಕುತ್ತಿದ್ದೆ. ಕೆಂಪು ಪೆನ್ನನ್ನು ಅದಕ್ಕಾಗಿಯೇ ಕೊಂಡಿದ್ದೆ.

ಇಷ್ಟಾಗಿದ್ದರೆ ನಗುವ ವಿಷಯವಾಗಿ ಮುಗಿಯುತ್ತಿತ್ತು. ಸಂದರ್ಶನದ ದಿನ ಹತ್ತಿರ ಬಂದಾಗ ನಾನು ಇನ್ನೊಂದು ವಿದ್ಯೆ ಹೊರತೆಗೆದೆ.

ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಿದ್ದರು. ಇಂಗ್ಲಿಷ್ ಮೇಷ್ಟ್ರು ಹದಿನೈದು ದಿನ ಮೊದಲೇ ತಯಾರಿ ನಡೆಸುವರು. ಯಾವ ಪ್ರಶ್ನೆ ಆದ ಮೇಲೆ ಯಾವುದು, ಯಾವುದಕ್ಕೆ ಯಾರು ಏಳಬೇಕು, ಎಲ್ಲ ನಿಗದಿ. ಪುಸ್ತಕ ಸಾಹೇಬರ ಕೈಯಲ್ಲಿ. ಅವರು ಪುಟ ತಿರುವಿದರೆ ಮುಂದಿನ ಸಾಲಿನ ಹುಡುಗಿ ಏಳಬೇಕು. ಮಕ್ಕಳಿಗೆ ಪ್ರಶ್ನೆ ತಿಳಿಯಬೇಕಾದ್ದೇ ಇಲ್ಲ, ಪುಟದ ಸದ್ದು ಕೇಳಿಸಿದರೆ ಸಾಕು. ಇದರಲ್ಲಿ ನನ್ನ ಪಾಲೂ ಇತ್ತು. ಪಟ್ಟಿಯಲ್ಲಿ ಇದ್ದದ್ದು ನಾಲ್ಕೇ ಪ್ರಶ್ನೆ. ಸಾಹೇಬರು ಐದನೆಯದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಎಳನೀರು ಹಿಡಿದು ಒಳನುಗ್ಗಬೇಕು. ಮೂವತ್ತೊಂದು ವರ್ಷದಲ್ಲಿ ಐದನೇ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಅದೇ ವಿದ್ಯೆಯನ್ನು ಲಿನ್ ಅಮ್ಮನಿಗೆ ಧಾರೆಯೆರೆದೆ. ಅರ್ಜಿಯನ್ನು ಬೆಂಚಿನ ಮೇಲೆ ಹರಡಿ ತೋರಿಸಿದೆ. ಮೊದಲ ಪುಟಗಳಲ್ಲಿ ಹೆಸರು, ವಿಳಾಸ. ಅದು ನಿಮಗೆ ಬರುತ್ತದೆ. ಆಮೇಲೆ ಆಫೀಸರ್ ಪುಟ ತಿರುವುತ್ತಾರೆ. ಅಲ್ಲಿಂದ ಎಲ್ಲದಕ್ಕೂ ‘ನೋ ಸರ್’. ಕೊನೆಯ ಪುಟ ತಿರುವಿದ ಮೇಲೆ, ಈ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡುತ್ತೀರಾ ಎನ್ನುವಂಥವು. ಅವಕ್ಕೆಲ್ಲ ‘ಯೆಸ್ ಸರ್’.

“ಪ್ರಶ್ನೆ ಅರ್ಥ ಆಗದಿದ್ದರೆ?” ಎಂದರು ಲಿನ್ ಅಮ್ಮ.

“ಅರ್ಥ ಬೇಡ. ಪುಟ ನೋಡಿ. ಸ್ವಂತ ಮಾತು ಒಂದೂ ಆಡಬೇಡಿ. ಆಡಿದರೆ ಕೆಟ್ಟಿರಿ.”

ಆರು ವಾರ ಅದೇ ಅಭ್ಯಾಸ. ನಾನು ಆಫೀಸರ್. ಸರಕ್ಕನೆ ಪುಟ ತಿರುವುತ್ತಿದ್ದೆ. ಅವರು ಬಾಣದಂತೆ ಉತ್ತರ ಬಿಡುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ.

ಸಂದರ್ಶನದ ದಿನ ಮೇ ತಾಯಿಯ ಜೊತೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡಳು. “ಟೀಚರ್ ಬಂದರೆ ಅಮ್ಮನಿಗೆ ಧೈರ್ಯ,” ಎಂದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿ, ಡಲ್ಲಾಸ್ ಕಡೆಯ ಆ ಕಚೇರಿಯ ಹಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. ಒಳಹೋಗುವ ಮುನ್ನ ಲಿನ್ ಅಮ್ಮ ನನಗೆ ತಲೆಬಾಗಿಸಿದರು. ನಾನು ಆಶೀರ್ವಾದ ಮಾಡುವವನ ಹಾಗೆ ಕೈಯೆತ್ತಿದೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಬಹಳ ಹೊತ್ತಾಗಲಿಲ್ಲ. ಕೈಯಲ್ಲೊಂದು ಕಾಗದ ಹಿಡಿದು ಹೊರಬಂದರು. ಮೇ ಅದನ್ನು ಕಸಿದು ಓದಿದಳು. ಅವಳ ಮುಖ ಬಿಳಿಚಿಕೊಂಡಿತು. ಲಿನ್ ಅಮ್ಮ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಟೀಚರ್, ಪುಟ ಇರಲಿಲ್ಲ.”

ಕಂಪ್ಯೂಟರ್! ಆ ಅಧಿಕಾರಿ ಇಡೀ ಸಂದರ್ಶನವನ್ನು ಪರದೆ ನೋಡಿಕೊಂಡೇ ಮಾಡಿದ್ದ. ಈ ದೇಶದಲ್ಲಿ ಮೊಟ್ಟೆ ಕೊಳ್ಳುವುದಕ್ಕೂ ಪರದೆ ಎನ್ನುವುದನ್ನು ದಿನಾ ನೋಡುವ ನನಗೆ ಅದು ಹೊಳೆದೇ ಇರಲಿಲ್ಲ.

ಕಾರಿನಲ್ಲಿ ಸಂಗತಿ ಒಂದೊಂದಾಗಿ ಹೊರಬಂತು. ಪ್ರಮಾಣ ಮಾಡುತ್ತೀರಾ ಎಂದು ಆತ ಮೊದಲೇ ಕೇಳಿದ್ದಾನೆ. ಪುಟದ ಸದ್ದಿಲ್ಲ. ಇವರು “ನೋ ಸರ್” ಎಂದಿದ್ದಾರೆ. ಆತ ಪಾಪ, ಪ್ರಮಾಣ ಎಂದರೇನು ಎಂದು ನಿಧಾನವಾಗಿ ಬಿಡಿಸಿ ಹೇಳಿ ಮತ್ತೆ ಕೇಳಿದ್ದಾನೆ. “ನೋ ಸರ್.” ಇಷ್ಟು ಹೊತ್ತಿಗೆ ಕೊನೆಯ ಪುಟ ಬಂದಿರಬೇಕು ಎಂದು ಲೆಕ್ಕ ಹಾಕಿ ಇವರು ಯೆಸ್‌ಗೆ ಬದಲಾಯಿಸಿದ್ದಾರೆ. ಆಗ ಆತ ಕೇಳಿದ್ದು, ನೀವು ಎಂದಾದರೂ ಸರ್ಕಾರಿ ಅಧಿಕಾರಿಗೆ ಸುಳ್ಳು ಹೇಳಿದ್ದೀರಾ ಎಂದು. “ಯೆಸ್ ಸರ್!”

“ಪುಟ ಅಂದರೆ ಏನಮ್ಮಾ? ಯಾವ ಪುಟ?” ಎಂದು ಮೇ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದಳು. ನಾನು ಹೈವೇ ಬದಿಯ ಲಾರಿಗಳನ್ನು ನೋಡುತ್ತಾ ಕೂತೆ.

ಎರಡನೇ ಸಲವೂ ಫೇಲಾದ್ದರಿಂದ ಅರ್ಜಿಯೇ ಬಿದ್ದುಹೋಯಿತು. ಮತ್ತೆ ಮೊದಲಿನಿಂದ ಹಾಕಬೇಕು, ಮತ್ತೆ ಕಾಯಬೇಕು. ಅಲ್ಲಿ ಅಕ್ಕ ಹಾಸಿಗೆಯಲ್ಲಿ.

ಮೂರು ಮಂಗಳವಾರ ನಾನು ಮಂಡಿನೋವೆಂದು ಮನೆಯಲ್ಲಿ ಉಳಿದೆ. ನಾಲ್ಕನೆಯ ವಾರ ಸುಧಾಗೆ ತರಕಾರಿ ಅಂಗಡಿಯಲ್ಲಿ ಕ್ಯಾರಲ್ ಸಿಕ್ಕಿದರು. ಮನೆಗೆ ಬಂದವಳು ಚೀಲ ಇಳಿಸದೆ ನಿಂತಳು.

“ಅಪ್ಪಾ, ನೀವು ಮೇಷ್ಟ್ರು ಅಂತ ಹೇಳಿದೀರಾ?”

“ನಾನು ಹೇಳಲಿಲ್ಲಮ್ಮ. ಅವರೇ...”

“ಅಲ್ಲ ಅಂದ್ರಾ?”

ಬೈಯುತ್ತಾಳೆಂದುಕೊಂಡೆ. ಅವಳ ಕಣ್ಣು ತುಂಬಿತು.

“ನಮ್ಮಪ್ಪ ಸ್ಕೂಲಲ್ಲಿ ಬೆಲ್ ಹೊಡೆದು ನನ್ನ ನರ್ಸಿಂಗ್ ಓದಿಸಿದ್ರು ಅಂತ ಆಸ್ಪತ್ರೆಯಲ್ಲೆಲ್ಲ ಹೇಳ್ಕೊಂಡು ತಿರುಗ್ತೀನಿ ನಾನು. ನನಗಿಲ್ಲದ ನಾಚಿಕೆ ನಿಮಗ್ಯಾಕಪ್ಪ?”

ಅವಳು ಹಾಗೆ ಹೇಳಿಕೊಳ್ಳುವುದು ನನಗೆ ಗೊತ್ತಿರಲಿಲ್ಲ. ಆಮೇಲೆ ಲಿನ್ ಅಮ್ಮನ ವಿಷಯ, ಪುಟದ ವಿಷಯ, ಎಲ್ಲ ಹೇಳಿದೆ. ಸುಧಾ ಕೇಳಿ ಮುಗಿಸಿ, ಕಣ್ಣೊರೆಸಿಕೊಂಡು, ಕಾರಿನ ಕೀ ತೆಗೆದುಕೊಂಡಳು.

“ಏಳಿ. ಚಪ್ಪಲಿ ಹಾಕ್ಕೊಳ್ಳಿ.”

“ಈಗಲೇ? ಫೋನ್ ಮಾಡಿ ಹೋಗೋಣ.”

“ಫೋನ್ ಮಾಡಿದ್ರೆ ನಿಮಗೆ ಮತ್ತೆ ಮಂಡಿ ನೋಯುತ್ತೆ. ಏಳಿ.”

ಲಿನ್ ಅಮ್ಮ ಬಾಗಿಲು ತೆರೆದು, ಎಂದಿನಂತೆ ತಲೆಬಾಗಿಸಲು ಹೊರಟರು. “ಬೇಡ,” ಎಂದೆ. ಹೊಸ್ತಿಲಲ್ಲಿ ನಿಂತೇ ಹೇಳಿದೆ. ನಾನು ಟೀಚರ್ ಅಲ್ಲ. ಬೆಲ್ ಹೊಡೆಯುವವನು. ಕೈಯಿಂದ ಬೆಲ್ ಹೊಡೆದು ತೋರಿಸಿದೆ. ನಿಮ್ಮ ಪರೀಕ್ಷೆ ಹಾಳು ಮಾಡಿದ್ದು ನಾನು, ನೀವಲ್ಲ.

ಆಕೆ ನನ್ನ ಕೈಯನ್ನೇ ನೋಡಿದರು. ಆಮೇಲೆ ಶುರುವಾಯಿತು.

“ನೀನು ಟೀಚರ್ ಅಲ್ಲ? ನಾಲ್ಕು ತಿಂಗಳು! ನನ್ನ ಕೈ ನೋವು, ಬರೆದು ಬರೆದು! ನಾನು ಕೇಳಿದೆ ಅರ್ಥ ಏನು, ನೀನು ಹೇಳಿದೆ ಅರ್ಥ ಬೇಡ. ಅರ್ಥ ಬೇಡವಾ? ನನ್ನ ಅಕ್ಕ ಫೋನಲ್ಲಿ ಕೇಳುತ್ತಾಳೆ ಯಾವಾಗ ಬರ್ತೀಯ. ನಾನು ಏನು ಹೇಳಲಿ? ನೋ ಸರ್ ಅನ್ನಲಾ? ಆ ಆಫೀಸರ್ ಒಳ್ಳೆಯವನು. ಎರಡು ಸಲ ಕೇಳಿದ. ನನಗೆ ಅವನ ಮಾತು ಅರ್ಥ ಆಯಿತು! ಅರ್ಥ ಆಯಿತು, ಆದರೂ ನಿನ್ನ ಪುಟ ಕಾಯುತ್ತಾ ಕೂತೆ! ದಡ್ಡಿ ನಾನು! ನೀನು ದೊಡ್ಡ ದಡ್ಡ!”

ಬೈಗುಳ ಹತ್ತು ನಿಮಿಷ ನಡೆಯಿತು. ಸುಧಾ ನೆಲ ನೋಡುತ್ತಾ ನಿಂತಿದ್ದಳು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಬೈಸಿಕೊಂಡ ಅವಮಾನಕ್ಕಲ್ಲ. ಅಷ್ಟೂ ಇಂಗ್ಲಿಷ್. ಅದರಲ್ಲಿ ನಾನು ಬರೆದುಕೊಟ್ಟ ವಾಕ್ಯ ಒಂದೂ ಇರಲಿಲ್ಲ. ಒಮ್ಮೆಯೂ ತಡವರಿಸಲಿಲ್ಲ, ಒಂದು ಮಾತೂ ನನಗೆ ತಿಳಿಯದೆ ಹೋಗಲಿಲ್ಲ. ಈ ಹೆಂಗಸಿಗೆ ಮಾತು ಬರುತ್ತಿತ್ತು. ಆಕೆಯ ಬಾಯಿಗೆ ಬಟ್ಟೆ ತುರುಕಿದವನು ನಾನು. ಅದು ತಿಳಿದ ಕ್ಷಣದಲ್ಲಿ ಆದ ದಿಗಿಲು ನನಗೆ ಜನ್ಮದಲ್ಲಿ ಆಗಿರಲಿಲ್ಲ. ಬಾಗಿಲು ಮುಖದ ಮೇಲೆ ಮುಚ್ಚಿತು.

ಮತ್ತೆ ಅರ್ಜಿ ಹಾಕಿದರು. ಕ್ಯಾರಲ್ ವಾರಕ್ಕೆರಡು ದಿನ ಅವರನ್ನು ಬರೀ ಮಾತಾಡಿಸಿದರು. ನಾನು ತರಗತಿಯಲ್ಲಿ ಎಲ್ಲರ ಮುಂದೆ ಎದ್ದು ನಿಜ ಹೇಳಿ, ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತೆ. ಲಿನ್ ಅಮ್ಮ ನನ್ನ ಕಡೆ ತಿರುಗುತ್ತಿರಲಿಲ್ಲ. ಒಂಬತ್ತು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು, ಪಾಸಾದರು, ಪ್ರಮಾಣ ಮಾಡಿದರು, ಪಾಸ್‌ಪೋರ್ಟ್ ಬಂದ ವಾರವೇ ಹೊರಟರು.

ಎರಡು ತಿಂಗಳೊಳಗೆ ಹಿಂತಿರುಗಿದರು ಎಂದು ಕ್ಯಾರಲ್ ಹೇಳಿದಾಗಲೇ ನನಗೆ ತಿಳಿಯಿತು. ಕೊನೆಯವರೆಗೆ ಇರಲು ಹೋದವರು ಅಷ್ಟು ಬೇಗ ಬಂದರೆ ಅದಕ್ಕೆ ಅರ್ಥ ಒಂದೇ.

ಹೋದ ವಾರ ಸುಧಾಳನ್ನು ನಾನೇ ಕೇಳಿ ಅವರ ಮನೆಗೆ ಹೋದೆ. ಬಾಗಿಲು ತೆರೆದರು. ತೆಳ್ಳಗಾಗಿದ್ದರು. ಒಳಗೆ ಕೂರಿಸಿ ಬಿಸಿನೀರು ಕೊಟ್ಟರು.

“ನಾನು ಹೋದ ಮೇಲೆ ಅಕ್ಕ ಹದಿನೇಳು ದಿನ ಇದ್ದಳು,” ಎಂದರು. “ಮೊದಲ ನಾಲ್ಕು ದಿನ ಮಾತಾಡಿದಳು. ಆಮೇಲೆ ನನ್ನ ಗುರುತು ಸಿಗಲಿಲ್ಲ.”

ಒಂಬತ್ತು ತಿಂಗಳು ಮೊದಲೇ ಹೋಗಿದ್ದರೆ ಎನ್ನುವುದನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನು ಬಟ್ಟಲು ಹಿಡಿದು ಕೂತೆ.

“ಯಾಕೆ ಹಾಗೆ ಮಾಡಿದೆ?”

“ನೀವೆಲ್ಲ ಎದ್ದು ನಿಂತಿರಿ,” ಎಂದೆ. “ನನಗೆ ಯಾರೂ ಎದ್ದು ನಿಂತಿರಲಿಲ್ಲ.”

ಆಕೆ ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಹೋಗು ಎಂದೂ ಅನ್ನಲಿಲ್ಲ. ಆಮೇಲೆ ಡ್ರಾಯರಿನಿಂದ ಪೆನ್ನನ್ನೂ ನಾನು ಬರೆದುಕೊಟ್ಟಿದ್ದ ಹಳದಿ ಹಾಳೆಯೊಂದನ್ನೂ ತೆಗೆದರು.

“ನೀನು ಸಿಕ್ಕಿ ಒಂದು ವರ್ಷದ ಮೇಲಾಯಿತು. ಟೀಚರ್, ಟೀಚರ್ ಅಂದೆ. ಇನ್ನು ಅನ್ನಲ್ಲ. ನಿನ್ನ ಹೆಸರು ಏನು?”

“ಪುಟ್ಟಸ್ವಾಮಿ.”

“ಪು...?”

“ಪುಟ್ಟ. ಸ್ವಾಮಿ.”

ನಾಲ್ಕೈದು ಸಲ ಹೇಳಿಸಿದರು, ತಾವೂ ಹೇಳಿಕೊಂಡರು. ಆಮೇಲೆ ಹಾಳೆಯ ಹಿಂಬದಿಗೆ ತಮ್ಮ ಭಾಷೆಯ ಅಕ್ಷರಗಳಲ್ಲಿ, ಒಂದರ ಕೆಳಗೊಂದು ನಿಧಾನವಾಗಿ ಬರೆದು, ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

“ಸರಿ ಇದೆಯಾ?”

ಅಕ್ಷರಗಳನ್ನು ನೋಡಿದೆ. ಗೋಣು ಆಡಿಸಲು ಹೋದವನು ತಡೆದುಕೊಂಡೆ.

“ಗೊತ್ತಿಲ್ಲ,” ಎಂದೆ. “ನನಗೆ ಓದಲು ಬರುವುದಿಲ್ಲ.”